ಮಾರಿದ ಮೇಲೂ ಮುಗಿಯದ ಹೊಣೆ

ಸರಕು ಮಾರಿ, ಬಿಲ್ಲು ಬರೆದು, ಹಣ ಜಮೆಯಾದರೆ ವ್ಯವಹಾರ ಮುಗಿಯಿತೆಂಬುದು ನಮ್ಮ ವರ್ತಕರಲ್ಲಿ ಬೇರೂರಿರುವ ಭಾವನೆ. ಈ ಭಾವನೆ ಎಷ್ಟು ದುಬಾರಿಯಾಗಬಲ್ಲದೆಂಬುದನ್ನು ವೈದ್ಯಕೀಯ ಸಾಧನಗಳ ವ್ಯಾಜ್ಯಗಳು ತೋರಿಸಿಕೊಟ್ಟಿವೆ.

ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಡಿಪ್ಯೂ ಕಂಪನಿಯ ಎ.ಎಸ್.ಆರ್. ಕೃತಕ ಸೊಂಟದ ಕೀಲನ್ನೇ ನೋಡೋಣ. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್ ಮತ್ತು ಕ್ರೋಮಿಯಂ ಕಣಗಳು ದೇಹ ಸೇರಿದವು. ಅನೇಕರು ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. 2010ರ ಆಗಸ್ಟ್‌ನಲ್ಲಿ ಕಂಪನಿ ಈ ಸಾಧನವನ್ನು ವಿಶ್ವದಾದ್ಯಂತ ಹಿಂಪಡೆಯಿತು. ಅಮೆರಿಕದಲ್ಲಿ 2013ರಲ್ಲಿ ಸುಮಾರು 8,000 ರೋಗಿಗಳ ದಾವೆಗಳಿಗೆ ಸುಮಾರು 250 ಕೋಟಿ ಡಾಲರುಗಳ ರಾಜಿ ಏರ್ಪಟ್ಟಿತು.

ಭಾರತದಲ್ಲಿ ಇಂತಹ ಸುಮಾರು 4,700 ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಆದರೆ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮದಲ್ಲಿ ದೋಷಪೂರಿತ ಸಾಧನದಿಂದ ನೊಂದವರಿಗೆ ಪರಿಹಾರ ಕೊಡಿಸುವ ಅವಕಾಶವೇ ಇರಲಿಲ್ಲ. ಕೇಂದ್ರ ಸರ್ಕಾರವು 2017ರಲ್ಲಿ ತಜ್ಞರ ಸಮಿತಿ ನೇಮಿಸಿ, 2018ರಲ್ಲಿ ರೂ. 30 ಲಕ್ಷದಿಂದ ರೂ. 1.23 ಕೋಟಿವರೆಗಿನ ಪರಿಹಾರ ಸೂತ್ರವನ್ನು ಪ್ರಕಟಿಸಿತು. ವಿಷಯ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಅದೇ ಸಾಧನ, ಅದೇ ನೋವು. ನಮ್ಮವರು ಮಾತ್ರ ವರ್ಷಗಟ್ಟಲೆ ಕಾಯಬೇಕಾಯಿತು. ಇದನ್ನು ಉದ್ಯಮಸ್ನೇಹಿ ನೀತಿಯೆಂದು ಕರೆಯಲು ಈ ಲೇಖಕನ ಮನಸ್ಸು ಒಪ್ಪದು.

ಈಗ ಪರಿಸ್ಥಿತಿ ಬದಲಾಗಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಆರನೆಯ ಅಧ್ಯಾಯವು ಉತ್ಪನ್ನ ಹೊಣೆಗಾರಿಕೆಯನ್ನು ಕುರಿತದ್ದು. ತಯಾರಿಕೆಯ ಅಥವಾ ವಿನ್ಯಾಸದ ದೋಷಕ್ಕೆ, ಸರಿಯಾದ ಎಚ್ಚರಿಕೆ ನೀಡದಿದ್ದುದಕ್ಕೆ ತಯಾರಕನು ಬಾಧ್ಯನು. ಇದು ದೊಡ್ಡ ಕಂಪನಿಗಳ ಮಾತೆಂದು ಉಪೇಕ್ಷಿಸುವಂತಿಲ್ಲ. ಬಿಡಿಭಾಗ ತಯಾರಿಸುವವನೂ, ಇತರರ ಸರಕಿಗೆ ತನ್ನ ಮುದ್ರೆ ಒತ್ತಿ ಮಾರುವವನೂ ಕಾನೂನಿನ ದೃಷ್ಟಿಯಲ್ಲಿ ತಯಾರಕರೇ. ತಯಾರಕ ಯಾರೆಂದು ಗೊತ್ತಾಗದಿದ್ದರೆ ಹೊಣೆ ಮಾರಿದವನ ತಲೆಯ ಮೇಲೆ ಬೀಳುತ್ತದೆ. ಬಿಲ್ಲಿಲ್ಲದೆ ಕೊಂಡ ಸರಕಿನಲ್ಲಿ ಉಳಿಯುವ ನಾಲ್ಕು ಕಾಸು ಎಂತಹ ಗಂಡಾಂತರವನ್ನು ತರಬಲ್ಲದೆಂಬುದನ್ನು ಸದಸ್ಯರು ಯೋಚಿಸಬೇಕು.

ಸಣ್ಣ ಉದ್ಯಮಿಗೆ ಈ ಭಾರ ಹೆಚ್ಚಾಯಿತೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಒಂದೇ ತೀರ್ಪು ಇಡೀ ಬಂಡವಾಳವನ್ನು ನುಂಗಬಹುದು. ಆದರೆ ಪರಿಹಾರವಿರುವುದು ಕಾನೂನನ್ನು ಸಡಿಲಿಸುವುದರಲ್ಲಲ್ಲ, ಸಿದ್ಧತೆಯಲ್ಲಿ.

ಲೆಕ್ಕಪರಿಶೋಧನೆಯ ವೇಳೆ ದಾಸ್ತಾನು ಪುಸ್ತಕದಲ್ಲಿ ಪ್ರಮಾಣ ಮತ್ತು ಬೆಲೆ ಕಾಣುತ್ತವೆ. ಬ್ಯಾಚ್ ಸಂಖ್ಯೆ ಕಾಣುವುದು ಅಪರೂಪ. ಮೊದಲು ಅದನ್ನು ಬರೆದಿಡಿ. ಯಾರಿಂದ ಕೊಂಡದ್ದು, ಯಾರಿಗೆ ಮಾರಿದ್ದು ಎಂಬ ಸರಪಳಿ ತುಂಡಾಗದಿದ್ದರೆ ದೋಷಯುಕ್ತ ಸರಕನ್ನು ಹಿಂಪಡೆಯುವುದೂ ಸುಲಭ, ನ್ಯಾಯಾಲಯದಲ್ಲಿ ಉತ್ತರಿಸುವುದೂ ಸುಲಭ. ಎರಡನೆಯದಾಗಿ, ಉತ್ಪನ್ನ ಹೊಣೆಗಾರಿಕೆ ವಿಮೆ ಮಾಡಿಸಿ, ಅದರ ಹಿಂದಿನ ದಿನಾಂಕದ ಷರತ್ತನ್ನು ಓದಿ ನೋಡಿ. ಇಂದು ಮಾರಿದ್ದಕ್ಕೆ ಐದು ವರ್ಷಗಳ ನಂತರವೂ ದಾವೆ ಬರಬಹುದು. ಮೂರನೆಯದಾಗಿ, ಬಂದಿರುವ ದೂರನ್ನು ಲೆಕ್ಕಪರಿಶೋಧಕರಿಂದ ಮುಚ್ಚಿಡಬೇಡಿ. ಅದು ಆಯವ್ಯಯ ಪತ್ರದಲ್ಲಿ ಸಂಭಾವ್ಯ ಹೊಣೆಯಾಗಿ ತೋರಿಸಬೇಕಾದ ವಿಷಯವಾಗಿರಬಹುದು.

ದೂರು ಬಂದ ಕೂಡಲೇ ಸರಕಿನ ಮಾರಾಟ ನಿಲ್ಲಿಸಿ ಪರೀಕ್ಷಿಸುವವನಿಗೆ ಅಂದು ನಷ್ಟವಾದೀತು. ಮುಚ್ಚಿಟ್ಟವನಿಗೆ ಆಗುವ ನಷ್ಟ ಹಣದಲ್ಲಿ ಮಾತ್ರ ಅಳೆಯುವಂತಹುದಲ್ಲ.