ರಸ್ತೆ ದಾಟಿ ಆ ಮಠಕ್ಕೂ ಹೋಗಿ ಬನ್ನಿ

ಬೆಳಗಾವಿ, ಹುಬ್ಬಳ್ಳಿ, ಕಾರವಾರದ ಕಡೆಯಿಂದ ಗೋವಾ ನೋಡಲು ಹೊರಡುವ ನಮ್ಮವರು ಓಲ್ಡ್ ಗೋವಾದಲ್ಲಿ ಇಳಿಯದೆ ಇರುವುದಿಲ್ಲ. ಬಾಮ್ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್‌ನ ಬೆಳ್ಳಿ ಪೆಟ್ಟಿಗೆಗೆ ಕೈಮುಗಿದು, ಅಂಗಳದಲ್ಲಿ ಗ್ರೂಪ್ ಫೋಟೊ ತೆಗೆಸಿಕೊಂಡು, ಬೀಚಿನ ಅವಸರದಲ್ಲಿ ಮತ್ತೆ ಬಸ್ಸು ಹತ್ತಿಬಿಡುತ್ತಾರೆ. ನಾನು ಕೇಳಿಕೊಳ್ಳುವುದು ಇಷ್ಟೇ: ಮುಂದಿನ ಸಲ ಎದುರಿನ ರಸ್ತೆ ದಾಟಿ. ಸೇ ಕೆಥೆಡ್ರಲ್ ಪಕ್ಕದಲ್ಲೇ ಅಸ್ಸಿಸಿಯ ಸಂತ ಫ್ರಾನ್ಸಿಸನ ಚರ್ಚಿದೆ, ಅದಕ್ಕೆ ಅಂಟಿಕೊಂಡು ಹಳೆಯ ಮಠವಿದೆ. ಹೆಸರು ಒಂದೇ ಆದರೂ ಈ ಫ್ರಾನ್ಸಿಸ್ ಬೇರೆ, ಝೇವಿಯರ್‌ಗಿಂತ ಮುನ್ನೂರು ವರ್ಷ ಹಿಂದಿನವನು.

ಇವನು ಇಟಲಿಯ ಬಟ್ಟೆ ವ್ಯಾಪಾರಿಯ ಮಗ. ಅಪ್ಪನ ಆಸ್ತಿ ಬೇಡವೆಂದು, ಮೈಮೇಲಿನ ಬಟ್ಟೆಯನ್ನೂ ಬಿಷಪ್ಪರ ಎದುರೇ ಕಳಚಿ ಅಪ್ಪನಿಗೆ ಒಪ್ಪಿಸಿ ಹೊರಟವನು. ಅಕ್ಕಮಹಾದೇವಿಯ ನಾಡಿನವರಿಗೆ ಇಂಥ ವೈರಾಗ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವನ ಪಂಥದ ಸನ್ಯಾಸಿಗಳು 1517ರಲ್ಲಿ ಗೋವಾಕ್ಕೆ ಬಂದರು. ಅವರ ಮೊದಲ ಚರ್ಚನ್ನು ಕೆಡವಿ 1661ರಲ್ಲಿ ಈಗಿನದನ್ನು ಕಟ್ಟುವಾಗ ಹಳೆಯ ಬಾಗಿಲವಾಡವನ್ನು ಮಾತ್ರ ಉಳಿಸಿಕೊಂಡರು. ಆ ಕಪ್ಪುಕಲ್ಲಿನ ಕೆತ್ತನೆ ಬಿಳಿ ಗೋಡೆಯಲ್ಲಿ ದೂರದಿಂದಲೇ ಎದ್ದು ಕಾಣುತ್ತದೆ. ಒಳಗೆ ಹೋದಮೇಲೆ ದಯವಿಟ್ಟು ಅವಸರ ಮಾಡಬೇಡಿ. ಮೊದಲು ನೆಲ ನೋಡಿ. ನೀವು ತುಳಿಯುತ್ತಿರುವುದು ಗೋರಿಕಲ್ಲುಗಳನ್ನು. ಅವುಗಳ ಮೇಲೆ ಮನೆತನಗಳ ಲಾಂಛನಗಳಿವೆ, ನೂರಾರು ವರ್ಷಗಳ ಕಾಲ್ತುಳಿತಕ್ಕೆ ಸವೆದ ಅಕ್ಷರಗಳಿವೆ. ಗೋಡೆಗಳ ಮೇಲೆ ಹೂಬಳ್ಳಿಗಳ ಚಿತ್ರಗಳು. ಬಲಿಪೀಠದ ಹತ್ತಿರ ಹೋದರೆ, ಎರಡೂ ಬದಿಗೆ ಮರದ ಹಲಗೆಗಳ ಮೇಲೆ ಫ್ರಾನ್ಸಿಸನ ಬದುಕಿನ ಪ್ರಸಂಗಗಳಿವೆ. ನಡುವೆ, ಚಿನ್ನದ ಲೇಪದ ಮರಗೆತ್ತನೆಯಲ್ಲಿ, ಶಿಲುಬೆಯ ಮೇಲಿನ ಕ್ರಿಸ್ತನೊಂದಿಗೆ ಫ್ರಾನ್ಸಿಸ್ ನಿಂತಿದ್ದಾನೆ. ಕೆಳಗಿನ ಪೀಠದಲ್ಲಿ ಅವನ ಮೂರು ವ್ರತಗಳನ್ನು ಕೆತ್ತಿದ್ದಾರೆ: ಬಡತನ, ವಿನಯ, ವಿಧೇಯತೆ. ಬಡತನದ ವ್ರತ ಹಿಡಿದವನ ಸುತ್ತ ಇಷ್ಟು ಚಿನ್ನ ಏಕೆ ಎಂದು ಮಕ್ಕಳು ಕೇಳಿದರೆ ಗದರಬೇಡಿ. ಕೇಳಬೇಕಾದ ಪ್ರಶ್ನೆಯೇ ಅದು.

‘ನಮ್ಮ ದೇವಸ್ಥಾನಗಳನ್ನು ಕೆಡವಿದವರ ಕಟ್ಟಡವನ್ನು ನಾವೇಕೆ ನೋಡಬೇಕು?’ ಎನ್ನುವವರೂ ಇದ್ದಾರೆ. ಅವರ ನೋವು ಸುಳ್ಳಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಆಳ್ವಿಕೆ ಗೋವಾದ ದೇಗುಲಗಳನ್ನು ಕೆಡವಿದ್ದು ನಿಜ, ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆಯ ಕ್ರೌರ್ಯವೂ ನಿಜ. ಇದನ್ನು ಮುಚ್ಚಿಟ್ಟು ಬರೀ ಅಂದಚೆಂದ ನೋಡಿ ಬನ್ನಿ ಎಂದು ನಾನು ಹೇಳಲಾರೆ. ಆದರೆ ಈ ಕಲೆಯಲ್ಲಿ ಇಲ್ಲಿನವರ ಕೈಯೂ ಇದೆ. ಹಿಂದೂ ಕುಶಲಕರ್ಮಿಗಳಿಂದ ಕ್ರೈಸ್ತ ವಿಗ್ರಹಗಳನ್ನು ಮಾಡಿಸಬಾರದು ಎಂದು ಚರ್ಚು ಆಗ ಆಜ್ಞೆ ಹೊರಡಿಸಬೇಕಾಯಿತು ಎಂದರೆ, ಅವರ ಉಳಿ ಎಷ್ಟು ಬೇಕಾಗಿತ್ತು ನೋಡಿ.

1830ರ ದಶಕದಲ್ಲಿ ಪೋರ್ಚುಗೀಸ್ ಸರ್ಕಾರವೇ ಮಠಗಳನ್ನು ಮುಚ್ಚಿಸಿತು, ಸನ್ಯಾಸಿಗಳು ಹೋದರು. ಅವರು ಬಾಳಿದ ಕೋಣೆಗಳಲ್ಲಿ ಈಗ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಮೇಲೆ ಪೋರ್ಚುಗೀಸ್ ಗವರ್ನರುಗಳ ಸಾಲುಸಾಲು ಭಾವಚಿತ್ರಗಳು; ಈ ಸಾಲನ್ನು 1547ರಲ್ಲಿ ಆರಂಭಿಸಿದಾಗ ಕುಂಚ ಹಿಡಿದವನು ಒಬ್ಬ ಸ್ಥಳೀಯ ಚಿತ್ರಕಾರ. ಅದೇ ಮ್ಯೂಸಿಯಂನಲ್ಲಿ, ಪೋರ್ಚುಗೀಸರಿಗಿಂತ ಮೊದಲು ಇಲ್ಲಿ ಆಳಿದ ಗೋವಾ ಕದಂಬರ ಕಾಲದ ವೀರಗಲ್ಲುಗಳೂ ಇವೆ. ಆ ಕದಂಬರು ಕನ್ನಡದಲ್ಲಿ ಶಾಸನ ಬರೆಸಿದವರು. ಕೆಡವಿದವರದೂ ಕಳೆದುಕೊಂಡವರದೂ ಒಂದೇ ಸೂರಿನಡಿ ಇರುವ ಇಂಥ ಜಾಗವನ್ನು ನಮ್ಮ ಮಕ್ಕಳು ಬೀಚಿಗಿಂತ ಮೊದಲು ನೋಡಲಿ.

ಹೋದಾಗ ಗೋಡೆ ಮುಟ್ಟಬೇಡಿ. ಮಾಂಡೋವಿ ನದಿ ದಂಡೆಯ ತೇವ, ಗೋವಾದ ಮಳೆ ಇವುಗಳನ್ನೇ ಆ ಬಣ್ಣಗಳು ತಾಳಿಕೊಳ್ಳಬೇಕು. ಅದರ ಮೇಲೆ ನಮ್ಮ ಬೆವರಿನ ಕೈ, ಹೆಸರು ಗೀಚುವ ಮೊಳೆ ಬೇಡ. ಬೀಚಿನ ಬಟ್ಟೆಯಲ್ಲಿ ಒಳಗೆ ಹೋಗಬೇಡಿ, ಬಲಿಪೀಠಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ. ನಮ್ಮ ಗರ್ಭಗುಡಿಯ ಎದುರು ಯಾರಾದರೂ ಹಾಗೆ ನಿಂತರೆ ನಾವು ಸುಮ್ಮನಿರುತ್ತೇವೆಯೇ?

ಶಾಲಾ ಪ್ರವಾಸ ಹೊರಡಿಸುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ವಿಶೇಷವಾಗಿ ಕೈಮುಗಿದು ಕೇಳುತ್ತೇನೆ. ಬಸ್ಸು ಗೊತ್ತುಮಾಡುವ ದಿನವೇ ಓಲ್ಡ್ ಗೋವಾಕ್ಕೆ ಅರ್ಧ ದಿನ ಬೇಕೆಂದು ಏಜೆಂಟರಿಗೆ ಹೇಳಿ, ಪ್ರವಾಸದ ಪಟ್ಟಿಯಲ್ಲಿ ಬರೆಸಿಬಿಡಿ. ಅಲ್ಲಿಗೆ ಹೋದಮೇಲೆ ಕೇಳಿದರೆ ಡ್ರೈವರ್ ಹಾರ್ನ್ ಹೊಡೆಯಲು ಶುರುಮಾಡಿರುತ್ತಾನೆ.