ಹಳದಿ ಕಮ್ಮಿಯಾದ್ರೆ ಬಾತುಕೋಳಿ ಕಳ್ಳಿಯೇ?

ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ನಮ್ಮೂರು ಹಿರಿಯೂರು ತಾಲ್ಲೂಕು, ಮಾರಿಕಣಿವೆ ಕಾಲುವೆ ಪಕ್ಕ. ಪಕ್ಕದ ಮನೆ ದೊಡ್ಡಮ್ಮನ ಹಿತ್ತಿಲಲ್ಲಿ 11 ಬಾತುಕೋಳಿಗಳಿವೆ. ಅವತ್ತು ದೊಡ್ಡಮ್ಮ ಮೊಟ್ಟೆ ಬುಟ್ಟಿ ಮುಂದಿಟ್ಟುಕೊಂಡು ಜಗಲಿ ಮೇಲೆ ಸುಮ್ಮನೆ ಕೂತಿದ್ದರು. "ಏನಾಯ್ತು ದೊಡ್ಡಮ್ಮ?" ಅಂದೆ.

"ಪೇಟೆಯೋರು ವಾಪಸ್ ಕೊಟ್ಟೋದ್ರು ಕಣಪ್ಪ. ಒಂದು ಒಡೆದು ನೋಡಿದ್ರಂತೆ, ಹಳದಿ ಬಿಳಿಚಿಕೊಂಡೈತಂತೆ. ಫಾರಂ ಮೇವು ಹಾಕಿ ಹಿತ್ತಲ ಮೊಟ್ಟೆ ಅಂತ ಮೋಸ ಮಾಡ್ತೀಯಾ ಅಂದ್ರು."

ನನಗೆ ಸಿಟ್ಟು ಬಂದಿದ್ದು ಆ ಪೇಟೆಯವರ ಮೇಲಲ್ಲ, ನನ್ನ ಮೇಲೆ. ಯಾಕಂದ್ರೆ ಇದೇ ಬ್ಲಾಗಿನಲ್ಲಿ ನಾನೇ ಒಮ್ಮೆ ಬರೆದಿದ್ದೆ, "ಒಡೆದಾಗ ಹಳದಿ ಕಿತ್ತಳೆ ಹಣ್ಣಿನ ಹಾಗಿದ್ದರೆ ಅದೇ ಅಸಲಿ ನಾಟಿ ಮೊಟ್ಟೆ" ಅಂತ. ಅಡುಗೆ ಬಗ್ಗೆ ಬರೆಯೋ ನಾವೆಲ್ಲ ಇದನ್ನ ಬರೆದವರೇ. ಈಗ ಅದು ವಾಟ್ಸಾಪಿನಲ್ಲಿ ವೇದವಾಕ್ಯ ಆಗಿದೆ. ಅದರ ದಂಡ ಕಟ್ಟುತ್ತಿರೋದು ದೊಡ್ಡಮ್ಮ.

ಆ ಬಣ್ಣ ಎಲ್ಲಿಂದ ಬರುತ್ತೆ ಹೇಳಿ? ಕೋಳಿಯಾಗಲಿ ಬಾತುಕೋಳಿಯಾಗಲಿ ಅದನ್ನ ತಾನೇ ತಯಾರಿಸೋಕೆ ಆಗಲ್ಲ. ಸೊಪ್ಪು, ಹುಲ್ಲು, ಹಳದಿ ಮೆಕ್ಕೆಜೋಳದಲ್ಲಿರೋ ಲ್ಯೂಟಿನ್, ಝಿಯಾಕ್ಸಾಂಥಿನ್ ಅನ್ನೋ ಬಣ್ಣಗಳು ಹೊಟ್ಟೆಗೆ ಹೋಗಿ ಹಳದಿಯಲ್ಲಿ ಕೂರುತ್ತವೆ. ಮೇವು ಬದಲಾದ ವಾರ ಹತ್ತು ದಿನದಲ್ಲಿ ಬಣ್ಣವೂ ಬದಲಾಗುತ್ತೆ. ಕಾಲುವೆಯಲ್ಲಿ ನೀರಿದ್ದಾಗ ದೊಡ್ಡಮ್ಮನ ಬಾತುಕೋಳಿ ಹುಲ್ಲು, ಹುಳ, ಬಸವನಹುಳು ತಿಂದು ಕೆಂಡದಂಥ ಹಳದಿ ಕೊಡುತ್ತವೆ. ನೀರು ನಿಂತು ಹಸಿರು ಒಣಗಿದರೆ ಸಿಗೋದು ರಾಗಿ, ತೌಡು, ಮಿಕ್ಕ ಅನ್ನ. ಅದರಲ್ಲಿ ಈ ಬಣ್ಣ ಇಲ್ಲವೇ ಇಲ್ಲ ಅನ್ನಬಹುದು. ಅದೇ ಹಿತ್ತಿಲು, ಅದೇ ಬಾತುಕೋಳಿ, ಅದೇ ಕೈ. ಮೋಸ ಎಲ್ಲಿದೆ?

ನಿಜವಾದ ತಮಾಷೆ ಕೇಳಿ. ಬಣ್ಣ ಬೇಕು ಅಂದರೆ ಫಾರಂನವರಿಗೆ ಅದು ಬಹಳ ಸುಲಭ. ಮೇವಿಗೆ ಚೆಂಡು ಹೂವಿನ ಸಾರ ಬೆರೆಸಿದರೆ ಗಾಢ ಹಳದಿ, ಒಣಮೆಣಸಿನಕಾಯಿಯ ಬಣ್ಣ ಬೆರೆಸಿದರೆ ಕೆಂಪು ಛಾಯೆ. ಎಷ್ಟು ಗಾಢ ಬೇಕು ಅಂತ ಅಳೆಯೋಕೆ ಬಣ್ಣದ ಪಟ್ಟಿಗಳ ಬೀಸಣಿಗೆಯೇ ಇದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಣ್ಣ ನೋಡಿ ನಾಟಿ ಅನ್ನೋರು ಪಂಜರದ ಕೋಳಿಗೆ ಸರ್ಟಿಫಿಕೇಟ್ ಕೊಟ್ಟು, ದೊಡ್ಡಮ್ಮನನ್ನ ಕಳ್ಳಿ ಮಾಡ್ತಾರೆ.

ಬಣ್ಣದ ಹುಚ್ಚು ಎಲ್ಲಿಗೆ ಮುಟ್ಟುತ್ತೆ ಅನ್ನೋದಕ್ಕೆ ಚೀನಾ ನೋಡಿ. ಕೆಂಪು ಹಳದಿಗೆ ಬೆಲೆ ಜಾಸ್ತಿ ಅಂತ ಹೆಬೈ ಪ್ರಾಂತ್ಯದ ಕೆಲವರು ಬಾತುಕೋಳಿ ಮೇವಿಗೆ ಸುಡಾನ್ ರೆಡ್ ಬೆರೆಸಿದ್ದು 2006ರ ನವೆಂಬರ್‌ನಲ್ಲಿ ಬಯಲಾಯಿತು. ಅದು ಮೇಣಕ್ಕೆ, ಬೂಟ್ ಪಾಲಿಶಿಗೆ ಹಾಕೋ ಬಣ್ಣ!

"ಹಾಗಾದ್ರೆ ಮೇವಿಗೂ ಮೊಟ್ಟೆಗೂ ಸಂಬಂಧ ಇಲ್ವಾ?" ಅಂತ ಕೇಳ್ತೀರಿ. ಇದೆ. ಹಸಿರು, ಹುಳ ತಿಂದ ಹಕ್ಕಿಯ ಮೊಟ್ಟೆಯಲ್ಲಿ ಒಮೇಗಾ-3 ಕೊಬ್ಬು ಹೆಚ್ಚಿರುತ್ತೆ, ಒಪ್ಪಿದೆ. ಲ್ಯೂಟಿನ್ ಕಣ್ಣಿಗೂ ಒಳ್ಳೆಯದು. ಆದರೆ ಅದು ದೇಹದಲ್ಲಿ ಎ ವಿಟಮಿನ್ ಆಗೋದಿಲ್ಲ. ಬಣ್ಣ ಒಂದು ಸುಳಿವು, ಸಾಕ್ಷಿ ಅಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನಮ್ಮದು ಶೇಂಗಾ ಸೀಮೆ. ಚಿತ್ರದುರ್ಗ, ಹೊಳಲ್ಕೆರೆ ಕಡೆ ಮೆಕ್ಕೆಜೋಳವೂ ಧಾರಾಳ. ಇವೆರಡಕ್ಕೂ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ವಿಷ ಹುಟ್ಟಬಹುದು, ಅದು ಬಾತುಮರಿಗಳಿಗೆ ಯಮ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಿದ್ದು ಇಂಥ ಶೇಂಗಾ ಹಿಂಡಿಯಿಂದಲೇ. ಈ ವಿಷ ಮೊಟ್ಟೆಗೂ ಇಳಿಯಬಹುದು, ಆದರೆ ಹಳದಿಯ ಬಣ್ಣ ಅದನ್ನ ಹೇಳಲ್ಲ. ಇನ್ನು ಹತ್ತಿಬೀಜದ ಹಿಂಡಿ ತಿನ್ನಿಸಿದರೆ ಇಟ್ಟ ಮೊಟ್ಟೆಯ ಹಳದಿ ಪಾಚಿ ಬಣ್ಣಕ್ಕೆ ತಿರುಗುತ್ತೆ. ಮೀನಿನ ಚೂರು ಜಾಸ್ತಿಯಾದರೆ ಮೊಟ್ಟೆಯಲ್ಲೂ ಮೀನಿನ ವಾಸನೆ. ಕೊಳ್ಳುವಾಗ "ಏನು ಮೇವು ಹಾಕ್ತೀರಮ್ಮ, ಹಿಂಡಿ ಒಣಗಿರುತ್ತಾ?" ಅಂತ ಕೇಳಿ. ದೊಡ್ಡಮ್ಮ ಸಂತೋಷವಾಗಿ ಹೇಳ್ತಾರೆ.

ಅವತ್ತು ಆ ಬುಟ್ಟಿ ನಾನೇ ಕೊಂಡೆ. ರಾತ್ರಿ ಅವ್ವ ಮೊಟ್ಟೆ ಸಾರು ಮಾಡಿದರು, ಜೊತೆಗೆ ಬಿಸಿ ಮುದ್ದೆ. ಬಾತುಕೋಳಿ ಮೊಟ್ಟೆ ಕೋಳಿ ಮೊಟ್ಟೆಗಿಂತ ದೊಡ್ಡದು, ಸುಮಾರು 70 ಗ್ರಾಂ. ಹಳದಿ ಪಾಲು ಹೆಚ್ಚು, ಕೊಬ್ಬೂ ಹೆಚ್ಚು, ಹಾಗಾಗಿ ಸಾರು ಗಟ್ಟಿಯಾಗಿ ನಾಲಿಗೆಗೆ ಹತ್ತುತ್ತೆ. ದೊಡ್ಡ ಉರಿಯಲ್ಲಿ ಕುದಿಸಿದರೆ ಬಿಳಿ ಭಾಗ ರಬ್ಬರ್ ಆಗುತ್ತೆ, ಸಣ್ಣ ಉರಿಯೇ ಸರಿ. ಆದರೆ ಪೂರ್ತಿ ಬೇಯಿಸಿ, ಕೆಸರಲ್ಲಿ ಓಡಾಡೋ ಹಕ್ಕಿ, ಸಾಲ್ಮೊನೆಲ್ಲಾ ಭಯ ಇದ್ದೇ ಇದೆ. ಬಿಳಿಚಿದ ಹಳದಿಯ ಸಾರು ಬಣ್ಣದಲ್ಲಿ ಸ್ವಲ್ಪ ಸಪ್ಪೆ ಕಂಡಿತು. ರುಚಿಯಲ್ಲಿ? ಅಪ್ಪ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ನನ್ನ ಹಳೇ ಪೋಸ್ಟಿನ ಆ ಸಾಲು ಅಳಿಸಿಲ್ಲ. ಅದರ ಕೆಳಗೇ "ಇದು ತಪ್ಪು" ಅಂತ ಬರೆದಿದ್ದೀನಿ. ನೀವೂ ಅಂಥದ್ದು ಬರೆದಿದ್ದರೆ ತಿದ್ದಿ. ಬೇಸಿಗೆಯಲ್ಲಿ ಹಿತ್ತಲ ಮೊಟ್ಟೆ ಬಿಳಿಚಿಕೊಂಡಿದ್ದರೆ ಚೌಕಾಸಿ ಮಾಡದೆ ಕೊಳ್ಳಿ. ನೀರಿಲ್ಲದ ಕಾಲದಲ್ಲೂ ಆ ಹಕ್ಕಿ ಸಾಕಿದ ಕೈಗೆ ಸಲ್ಲೋ ದುಡ್ಡು ಅದು.

ಒಪ್ಪದವರು ಕಾಮೆಂಟಿನಲ್ಲಿ ಬೈಯಬಹುದು. ದೊಡ್ಡಮ್ಮನನ್ನ ಮಾತ್ರ ಬೈಬೇಡಿ.