ಮದ್ದು ಬಿಡುವ ಮೊದಲು ಒಂದು ಹಾಳೆ ಕೇಳಿ

ಮೇ ಮುಗಿಯುವಷ್ಟರಲ್ಲಿ ಕಾಣಿಯೂರಿನ ತೋಟಗಳಲ್ಲಿ ಮೈಲುತುತ್ತು, ಸುಣ್ಣ ಕಲಸುವ ಡ್ರಮ್ಮು ಹೊರಗೆ ಬರುತ್ತದೆ. ಕೊಳೆರೋಗಕ್ಕೆ ಮೊದಲ ಮದ್ದು ಬಿಡಬೇಕು, ಮರ ಹತ್ತುವವರಿಗೆ ಸಂಬಳ ಕೊಡಬೇಕು, ಜತೆಗೆ ಮಕ್ಕಳ ಶಾಲೆ ಫೀಸು. ಇದ್ದ ಚಾಲಿ ಮಾರಿಯಾಗಿದೆ, ಹೊಸ ಅಡಿಕೆ ಅಂಗಳಕ್ಕೆ ಬೀಳಲು ತಿಂಗಳುಗಳೇ ಬೇಕು. ಸಾಲ ಕೊಡುವವರು ಮನೆಬಾಗಿಲಿಗೆ ಬರಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.

"ನೂರಕ್ಕೆ ಒಂದೇ ರೂಪಾಯಿ ಬಡ್ಡಿ ಅಕ್ಕ" ಎನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. 50,000 ರೂಪಾಯಿ ಸಾಲ, ಹನ್ನೆರಡು ಕಂತು, ಒಟ್ಟು ಬಡ್ಡಿ 6,000. ಕೇಳಲು ವರ್ಷಕ್ಕೆ ಶೇ. 12. ಆದರೆ ತಿಂಗಳು ತಿಂಗಳು ಅಸಲು ಕರಗುತ್ತಿದ್ದರೂ ಬಡ್ಡಿ ಪೂರ್ತಿ 50,000ಕ್ಕೇ ಬೀಳುತ್ತದೆ. ಹಾಗಾಗಿ ನಿಜವಾದ ದರ ಶೇ. 21 ದಾಟುತ್ತದೆ. ಇನ್ಶೂರೆನ್ಸು, ಫೈಲು ಖರ್ಚು ಅಂತ ಮೊದಲೇ 1,500 ಹಿಡಿದುಕೊಂಡರೆ ಶೇ. 27ಕ್ಕೂ ಮೇಲೆ. ಒಂದು ರೂಪಾಯಿ ಬಡ್ಡಿಯ ಕಥೆ ಇಷ್ಟೇ.

ಈ ನಿಜವಾದ ದರವನ್ನು ಎಲ್ಲ ಖರ್ಚು ಸೇರಿಸಿ ಒಂದು ಹಾಳೆಯಲ್ಲಿ ಬರೆದು ಸಹಿಗೆ ಮೊದಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೂ ಫೈನಾನ್ಸ್ ಕಂಪೆನಿಗಳಿಗೂ ಹೇಳಿದೆ. ಅದೂ ನಮಗೆ ಅರ್ಥವಾಗುವ ಭಾಷೆಯಲ್ಲಿ. ಕೇಳುವವರು ಎಷ್ಟು ಜನ? ದಾಕ್ಷಿಣ್ಯ ನಮ್ಮ ಊರಿನ ದೊಡ್ಡ ಕಾಯಿಲೆ.

ಮೈಕ್ರೊಫೈನಾನ್ಸಿಗೆ 2022ರಿಂದ ಇನ್ನೂ ಬಿಗಿ ಇದೆ. ವರ್ಷದ ಆದಾಯ 3 ಲಕ್ಷ ಮೀರದ ಮನೆಗೆ ಅಡವಿಲ್ಲದೆ ಕೊಡುವ ಸಾಲ ಅದು. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ. ಆದರೂ ಒಂದು ಸಂಘದ ಕಂತಿಗೆ ಇನ್ನೊಂದರಲ್ಲಿ ಸಾಲ ತೆಗೆದು ಕಟ್ಟುವುದು ಶುರುವಾದ ಮನೆಗಳಿವೆ. ಎಚ್ಚರವಾಗಬೇಕಾದ್ದು ಅಲ್ಲಿಯೇ.

2025ರ ಆರಂಭದಲ್ಲಿ ಚಾಮರಾಜನಗರ, ಮೈಸೂರು ಕಡೆ ಸಾಲಗಾರರು ಮನೆಗೆ ಬೀಗ ಹಾಕಿ ಊರು ಬಿಟ್ಟರು. ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಬೀಗ ಬಿದ್ದ ಮೇಲೆ ಬಂದ ಕಾನೂನು ಅದು.

ಮೊಬೈಲಿನ ಸಾಲ ಹುಡುಗರ ಪಾಡು. ಆ್ಯಪು ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿತೆಂದರೆ ಅಲ್ಲಿಗೇ ಅಳಿಸಿ. ನಿಯಮ ಪಾಲಿಸುವ ಕಂಪೆನಿ ಅದನ್ನು ಕೇಳುವಂತಿಲ್ಲ. ತಕರಾರಿದ್ದರೆ ಮೊದಲು ಸಾಲ ಕೊಟ್ಟವರಿಗೇ ಬರೆಯಿರಿ. 30 ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿದ್ದಾರೆ, ಫೋನ್ 14448.

ಇನ್ನು ನಮ್ಮ ಸೊಸೈಟಿ. ಹೊತ್ತಿಗೆ ಸರಿಯಾಗಿ ಕಟ್ಟುವ ರೈತರಿಗೆ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲವೆಂದು ಸರಕಾರ ಹೇಳಿದೆ. ಕೈಗೆ ಸಿಗುವುದು ಜಾಗ, ಬೆಳೆ ನೋಡಿ, ಓಡಾಟವೂ ಇದೆ. ಅದಕ್ಕೇ ಆರ್‌ಟಿಸಿ ಹಿಡಿದು ಅಲ್ಲಿಗೆ ಹೋಗಬೇಕಾದ್ದು ಏಪ್ರಿಲಿನಲ್ಲಿ, ಡ್ರಮ್ಮು ಇನ್ನೂ ಕೊಟ್ಟಿಗೆಯಲ್ಲಿ ಕವುಚಿ ಬಿದ್ದಿರುವಾಗ.